ಚರ್ಚಿನ ಪುಸ್ತಕದ ಬೀರುವಿಗೆ ಏನಿಡಬೇಕು? ಮೊದಲು ಆ ಇಂಗ್ಲಿಷ್ ಪಟ್ಟಿ ಬದಿಗಿಡಿ

ದಾವಣಗೆರೆಯ ನಿಮ್ಮ ಚರ್ಚಿನ ಮಹಿಳಾ ಕೂಟಕ್ಕೆ ಪುಸ್ತಕದ ಬೀರು ಮಾಡುತ್ತಿದ್ದೀರಿ. ಸ್ಫೂರ್ತಿ ಕೊಡುವ ಕ್ರೈಸ್ತ ಪುಸ್ತಕ ಮಾತ್ರ ಇಡಬೇಕಾ, ಮನೆಮಂದಿಯೆಲ್ಲ ಓದುವ ಹಗುರವಾದ ಕಾದಂಬರಿಯೂ ಇರಬಹುದಾ ಅಂತ ಕೇಳಿದ್ದೀರಿ. ಒಳ್ಳೆಯ ಇಂಗ್ಲಿಷ್ ಪುಸ್ತಕಗಳ ಪಟ್ಟಿಯೂ ಬೇಕು ಅಂದಿದ್ದೀರಿ. ಅಂಥದೇ ಒಂದು ಪಟ್ಟಿ ಹಿಡಿದುಕೊಂಡು ನಾನು ಚಿತ್ರದುರ್ಗದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಒಂದು ಬೀರುವನ್ನು ನಿಲ್ಲಿಸಿಬಿಟ್ಟೆ.

ನಮ್ಮ ಸಂಡೇ ಸ್ಕೂಲ್ ಕೋಣೆಯ ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು ಇತ್ತು. ಅದನ್ನು ತುಂಬಿಸಿದವರು ಸಭೆಯ ಒಬ್ಬ ನಿವೃತ್ತ ಟೀಚರಮ್ಮ. ಮೇಲಿನ ಅಂಕಣದಲ್ಲಿ ಸತ್ಯವೇದದ ವಿವರಣೆ, ಕೀರ್ತನೆ ಪುಸ್ತಕ, ಅನುದಿನ ಧ್ಯಾನದ ಹಳೆಯ ಸಂಚಿಕೆಗಳು. ಕೆಳಗೆಲ್ಲ ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ. ಎಲ್ಲಕ್ಕೂ ಪೇಪರಿನ ರಟ್ಟು ಹಾಕಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಹೆಸರು ಬರೆದಿದ್ದರು. ಹಾಳೆಯ ಅಂಚಿನಲ್ಲಿ ಅರಿಶಿನದ ಬೆರಳಚ್ಚು, ನಡುವೆ ಗುರುತಿಗೆ ಮಡಚಿಟ್ಟ ಬಸ್ ಟಿಕೆಟ್. ಆರಾಧನೆ ಮುಗಿದ ಕೂಡಲೇ ಹೆಂಗಸರು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಚಪ್ಪಲಿ ಹುಡುಕುತ್ತಿದ್ದರು.

ಟೀಚರಮ್ಮನಿಗೆ ಮಂಡಿನೋವು ಜಾಸ್ತಿಯಾದಾಗ ಬೀಗದಕೈ ನನ್ನ ಕೈಗೆ ಬಂತು. ಸುಗ್ಗಿ ಹಬ್ಬದಲ್ಲಿ ನಾವು ಹಾಕಿದ್ದ ತಿಂಡಿ ಅಂಗಡಿಯ ದುಡ್ಡೂ ಕೂಟದ ಖಾತೆಯಲ್ಲಿತ್ತು. ಆಗ ನನಗೆ ಒಂದೇ ಯೋಚನೆ. ದೇವರ ಮನೆಯ ಬೀರು, ಅದರಲ್ಲಿ ದೇವರ ವಿಷಯವೇ ಇರಬೇಕು ಅಲ್ವಾ? ಹಾಗಂತ ಬರೀ ಬೋಧನೆ ಇಟ್ಟರೆ ಯಾರೂ ಮುಟ್ಟಲ್ಲ ಅಂತಲೂ ಗೊತ್ತಿತ್ತು. ಹಾಗಾಗಿ ಹೆಂಗಸರಿಗೆಂದೇ ಬರೆದ ಕ್ರೈಸ್ತ ಕಾದಂಬರಿಗಳನ್ನು ಹುಡುಕಿದೆ. ಅಮೆರಿಕದಲ್ಲಿ ಅದರದ್ದೇ ದೊಡ್ಡ ಮಾರುಕಟ್ಟೆ ಇದೆ. ಮನೆ, ಮದುವೆ, ಮಕ್ಕಳು, ಪ್ರಾರ್ಥನೆ, ಎಲ್ಲಾ ಇರುತ್ತೆ, ಅಸಭ್ಯ ಏನೂ ಇರಲ್ಲ. ಕೆನಡಾದ ಜಾನೆಟ್ ಓಕ್ 1979ರಲ್ಲಿ ಬರೆದ 'ಲವ್ ಕಮ್ಸ್ ಸಾಫ್ಟ್‌ಲಿ' ಓದಿ ನಾನೇ ಅತ್ತಿದ್ದೆ. ಅದನ್ನೂ ಅದರ ಮುಂದಿನ ಭಾಗಗಳನ್ನೂ ಅಂಥವೇ ಇನ್ನಷ್ಟನ್ನೂ ತರಿಸಿದೆ. ದುಡ್ಡು ಪೂರ್ತಿ ಖರ್ಚಾಯಿತು.

ಈಗ ನನ್ನ ತಪ್ಪನ್ನು ಸರಿಯಾಗಿ ಹೇಳಬೇಕು. ಎಲ್ಲರೂ 'ಇಂಗ್ಲಿಷ್ ತರಿಸಿದ್ದು ತಪ್ಪಾಯ್ತು' ಅಂತ ಸುಮ್ನೆ ಮುಗಿಸಿಬಿಡ್ತಾರೆ. ಅದು ಅಷ್ಟೇ ಆಗಿದ್ದರೆ ಪುಸ್ತಕ ಓದದೆ ಉಳಿಯುತ್ತಿತ್ತು, ದುಡ್ಡು ಹೋಗುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ನಾನು ಹೊಸದಕ್ಕೆ ಜಾಗ ಬೇಕು ಅಂತ ಹಳೆಯದನ್ನು ಖಾಲಿ ಮಾಡಿದೆ. ಮನೆಗೆ ಒಯ್ದಿದ್ದನ್ನೆಲ್ಲ ಮುಂದಿನ ಭಾನುವಾರದೊಳಗೆ ವಾಪಸ್ ಕೊಡಿ ಅಂತ ಪ್ರಕಟಣೆ ಮಾಡಿಸಿದೆ. ಅರ್ಧ ಓದಿದ್ದರೂ ಎಲ್ಲರೂ ತಂದುಕೊಟ್ಟರು, ಪ್ರಕಟಣೆ ಅಂದರೆ ಪ್ರಕಟಣೆ. ಟೀಚರಮ್ಮನನ್ನು ಒಂದು ಮಾತು ಕೇಳಲಿಲ್ಲ. ಕಾದಂಬರಿಗಳು ಗೋಣಿಚೀಲದಲ್ಲಿ ರದ್ದಿ ಅಂಗಡಿಗೆ ಹೋದವು.

ನಮ್ಮಲ್ಲಿ ಬ್ಲೌಸ್ ಹೊಲಿಯುವ ಒಬ್ಬಾಕೆ ಇದ್ದಾಳೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದರು, ಓದು ಬರದವರು. ಇವಳು ರಾತ್ರಿ ಹೊಲಿಗೆ ಮಿಷನ್ ಮುಚ್ಚಿದ ಮೇಲೆ ಅತ್ತೆಯ ಪಕ್ಕ ಕೂತು ಇಂದಿರಾ ಅವರ ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದಳಂತೆ. ಹಗಲೆಲ್ಲ ಮಾತು ಬಿಟ್ಟ ಹಾಗಿರುತ್ತಿದ್ದ ಅತ್ತೆ ಸೊಸೆ ಆ ಒಂದು ಹೊತ್ತು ಮಾತಾಡುತ್ತಿದ್ದರಂತೆ, ಕಥೆಯ ಹೆಂಗಸರ ಬಗ್ಗೆ. ಅವಳೂ ಟಿಕೆಟ್ ಗುರುತು ಇಟ್ಟೇ ಪುಸ್ತಕ ವಾಪಸ್ ಕೊಟ್ಟಳು. ನಾನು ಟಿಕೆಟ್ ತೆಗೆದು ಬಿಸಾಡಿದೆ. ಹೊಸ ಪುಸ್ತಕ ಒಂದನ್ನು ಕೈಗಿಟ್ಟಾಗ ಎರಡು ಹಾಳೆ ತಿರುವಿ, "ಚೆನ್ನಾಗಿದೆ ಅಕ್ಕ, ಆಮೇಲೆ ಒಯ್ತೀನಿ" ಅಂದಳು. ಒಯ್ಯಲಿಲ್ಲ. ಅವಳಿಗೆ ಪಿಯುಸಿ ಆಗಿದೆ, ಇಂಗ್ಲಿಷ್ ಓದೋಕೆ ಬರುತ್ತೆ. ಆದರೆ ದಿನವಿಡೀ ಹೊಲಿದು ಬಂದವಳು ಇಂಗ್ಲಿಷ್ ಓದಿ, ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿ, ಅತ್ತೆಗೆ ಹೇಳೋದು ಆಗುವ ಮಾತಾ?

ಆ ಕಥೆ ಮುಂದೇನಾಯ್ತು ಅಂತ ಅತ್ತೆ ದಿನಾ ಕೇಳುತ್ತಿದ್ದರು ಅನ್ನೋದು ನನಗೆ ತುಂಬಾ ತಡವಾಗಿ ತಿಳಿಯಿತು. ರದ್ದಿ ಅಂಗಡಿಗೆ ಓಡಿದೆ, ಸಿಗಲಿಲ್ಲ. ಕೊನೆಗೆ ಜಿಲ್ಲಾ ಗ್ರಂಥಾಲಯದಲ್ಲಿ ನನ್ನ ಕಾರ್ಡಿನ ಮೇಲೆ ಅದೇ ಪುಸ್ತಕ ತಂದು ಮನೆಗೆ ಮುಟ್ಟಿಸಿದೆ. ಟೀಚರಮ್ಮ ನನ್ನನ್ನು ಬೈಯಲಿಲ್ಲ. ಬೀರುವಿನ ಹತ್ತಿರ ಬರುವುದನ್ನು ಬಿಟ್ಟರು. ಅವರು ಬರದಿದ್ದ ಮೇಲೆ ಉಳಿದವರೂ ಬರಲಿಲ್ಲ. ವರ್ಷವಾದರೂ ಆ ಇಂಗ್ಲಿಷ್ ಪುಸ್ತಕಗಳು ಹೊಸದರ ಹಾಗೇ ಇದ್ದವು.

ಹಾಗಂತ ಆ ಕಥೆಗಳು ನಮ್ಮವರಿಗೆ ಸೇರಲ್ಲ ಅಂದುಕೊಳ್ಳಬೇಡಿ. ಒಂದು ಬುಧವಾರ ಕೂಟದಲ್ಲಿ ಅವರೆಕಾಯಿ ಬಿಡಿಸುತ್ತಾ ಜಾನೆಟ್ ಓಕ್ ಕಥೆಯನ್ನು ಬಾಯಲ್ಲಿ ಹೇಳಿದೆ. ಮಾರ್ಟಿ ಅಂತ ಹುಡುಗಿ, ಗಂಡನ ಜೊತೆ ಗಾಡಿ ಕಟ್ಟಿಕೊಂಡು ದೂರದ ಬಯಲಿಗೆ ಬರ್ತಾಳೆ, ಗಂಡ ಸತ್ತು ಹೋಗ್ತಾನೆ, ಇವಳು ಬಸುರಿ. ಹೆಂಡತಿ ತೀರಿಹೋದ ಒಬ್ಬ ರೈತ ಬಂದು, ನನ್ನ ಪುಟ್ಟ ಮಗಳಿಗೆ ತಾಯಿಯಾಗು, ಹೆಸರಿಗಷ್ಟೇ ಮದುವೆ, ಬೇಡ ಅನ್ನಿಸಿದರೆ ವಸಂತದಲ್ಲಿ ಊರಿಗೆ ಹೋಗೋಕೆ ಖರ್ಚು ಕೊಡ್ತೀನಿ ಅಂತಾನೆ. ಇಷ್ಟು ಹೇಳಿ ನಿಲ್ಲಿಸಿದೆ. ಎಲ್ಲರ ಕೈಯೂ ಮೊರದ ಮೇಲೇ ನಿಂತಿತ್ತು. "ಹೋದಳಾ, ಇದ್ದಳಾ?" ಅಂತ ಮೊದಲು ಕೇಳಿದವಳು ಆ ಹೊಲಿಗೆಯವಳೇ. ಅವತ್ತಿನಿಂದ ನನ್ನ ಕೆಲಸ ಪುಸ್ತಕ ಕೊಡುವುದಷ್ಟೇ ಆಗಿಲ್ಲ. ಇಂಗ್ಲಿಷ್ ಪುಸ್ತಕ ನಾನು ಓದ್ತೀನಿ, ಕಥೆ ಬುಧವಾರ ಕನ್ನಡದಲ್ಲಿ ಹೇಳ್ತೀನಿ.

ಹಾಗಾಗಿ 'ಭಕ್ತಿ ಪುಸ್ತಕವಾ, ಹಗುರ ಕಾದಂಬರಿಯಾ' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಸತ್ಯವೇದ ತೆಗೆದು ರೂತಳು ಪುಸ್ತಕ ನೋಡಿ, ನಾಲ್ಕೇ ಅಧ್ಯಾಯ. ಬರಗಾಲ, ಪರವೂರು, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳಕೊಂಡ ಅತ್ತೆ, ಬಿಟ್ಟು ಹೋಗಲ್ಲ ಅಂತ ಹಟ ಹಿಡಿದ ಸೊಸೆ. ಅತ್ತೆ ಊರಿಗೆ ಬಂದವಳೇ ನನ್ನನ್ನು ಹಳೇ ಹೆಸರಿನಿಂದ ಕರೀಬೇಡಿ, ದೇವರು ನನ್ನ ಬಾಳು ಕಹಿ ಮಾಡಿದ್ದಾನೆ ಅಂತಾಳೆ. ಸೊಸೆ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಯುವವರು ಬಿಟ್ಟ ತೆನೆ, ಆಯುತ್ತಾಳೆ. ಹೊಲದ ಯಜಮಾನ ಕೊಯ್ಯುವವರಿಗೆ, ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಬಿಡಿ, ಅವಳನ್ನು ಗದರಬೇಡಿ ಅಂತಾನೆ. ಕೊನೆಗೆ ಮದುವೆ, ಮಗು, ಅಕ್ಕಪಕ್ಕದ ಹೆಂಗಸರ ಸಂಭ್ರಮ. ಇದು ಕುಟುಂಬದ ಕಥೆ ಅಲ್ಲದೆ ಇನ್ನೇನು? ಎಸ್ತೇರಳ ಕಥೆಯ ಹೀಬ್ರೂ ಮೂಲದಲ್ಲಂತೂ ದೇವರ ಹೆಸರೇ ಬರಲ್ಲ, ಆದರೂ ಅದು ಸತ್ಯವೇದದಲ್ಲಿದೆ. ತ್ರಿವೇಣಿ ಪುಸ್ತಕವನ್ನು ಹೊರಗೆ ಹಾಕುವ ಮುಂಚೆ ಇದನ್ನು ಯೋಚಿಸಿ.

ಸ್ಫೂರ್ತಿಯ ಪುಸ್ತಕಗಳಲ್ಲಿ ನಾನು ಖಂಡಿತ ಬೇಡ ಅನ್ನೋದು ಒಂದು ಬಗೆ ಇದೆ. ಕೊನೆಯ ಹಾಳೆಯಲ್ಲಿ ಕಾಯಿಲೆ ವಾಸಿಯಾಗುತ್ತೆ, ಗಂಡ ಕುಡಿತ ಬಿಡ್ತಾನೆ, ಸಾಲ ತೀರುತ್ತೆ. ಕುಡಿಯುವ ಗಂಡ ಇನ್ನೂ ಮನೆಯಲ್ಲೇ ಇರುವ ಹೆಂಗಸು ಅದನ್ನು ಓದಿ, ನನ್ನ ಪ್ರಾರ್ಥನೆಯಲ್ಲೇ ಏನೋ ಕಡಿಮೆ ಅಂತ ಕೊರಗುತ್ತಾಳೆ. ನಾನು ಕಣ್ಣಾರೆ ನೋಡಿದ್ದೀನಿ. ಅದರ ಬದಲು 1971ರಲ್ಲಿ ಬಂದ ಕೋರಿ ಟೆನ್ ಬೂಮ್ ಅವರ ಆತ್ಮಕಥೆ 'ದ ಹೈಡಿಂಗ್ ಪ್ಲೇಸ್' ಓದಿ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಲೆಂಡಿನಲ್ಲಿ ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ ಕೋರಿಯನ್ನೂ ಮನೆಯವರನ್ನೂ ನಾಜಿಗಳು ಹಿಡಿದರು. ತಂದೆ ಸೆರೆಯಲ್ಲಿ ತೀರಿಹೋದರು, ಅಕ್ಕ ಜರ್ಮನಿಯ ರಾವೆನ್ಸ್‌ಬ್ರೂಕ್ ಸೆರೆ ಶಿಬಿರದಲ್ಲಿ ಸತ್ತಳು. ಅಲ್ಲಿ ಯಾವುದೂ ಸುಲಭವಾಗಿ ಸರಿಹೋಗಲ್ಲ, ಆದರೂ ನಂಬಿಕೆ ಉಳಿಯುತ್ತೆ.

ನಮ್ಮ ನೆಲದ ಜೀವನಕಥೆಗಳೂ ಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ನಿಮ್ಮ ಹರಿಹರದ ಮುಂದೆ ಹರಿಯುವ ಹೊಳೆಯ ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲೇ. ತಂದೆ ತಾಯಿಯಿಂದ ಸಂಸ್ಕೃತ ಕಲಿತ ಹುಡುಗಿ ಆಮೇಲೆ ಕ್ರೈಸ್ತಳಾಗಿ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ವಿಧವೆಯರಿಗೂ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ಆಶ್ರಯ ಕಟ್ಟಿದರು, ಸತ್ಯವೇದವನ್ನು ಮರಾಠಿಗೆ ತಂದರು. ಇನ್ನೊಬ್ಬರು ವೆಲ್ಲೂರಿನ ಐಡಾ ಸ್ಕಡರ್. ಒಂದೇ ರಾತ್ರಿ ಮೂರು ಮನೆಗಳ ಗಂಡಸರು ಬಂದು ಹೆರಿಗೆಗೆ ಕರೆದರು. ಐಡಾ ಅವರ ತಂದೆ ಡಾಕ್ಟರು, ಆದರೆ ಗಂಡು ಡಾಕ್ಟರು ಬೇಡ ಅಂತ ಆ ಗಂಡಸರು ಅಂದರು, ಐಡಾಗೆ ಆಗ ವೈದ್ಯ ಗೊತ್ತಿರಲಿಲ್ಲ. ಮೂವರು ತಾಯಂದಿರೂ ಸತ್ತರು. ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಬಂದು 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆ ಶುರು ಮಾಡಿದರು. ನಮ್ಮೂರಿನವರು ಈಗಲೂ ರಾತ್ರಿ ಬಸ್ ಹತ್ತಿ ಹೋಗುವ ವೆಲ್ಲೂರು ಆಸ್ಪತ್ರೆ ಅದೇ. ಇಂಗ್ಲೆಂಡಿನ ಜಾನ್ ಬನಿಯನ್ ಬರೆದ 'ಯಾತ್ರಿಕನ ಸಂಚಾರ' 19ನೇ ಶತಮಾನದಲ್ಲೇ ಕನ್ನಡಕ್ಕೆ ಬಂದಿದೆ. ಎಲ್ಲರೂ ಯಾತ್ರಿಕನೊಬ್ಬ ಮನೆ ಬಿಟ್ಟು ದೇವರ ಪಟ್ಟಣಕ್ಕೆ ನಡೆಯುವ ಮೊದಲ ಭಾಗ ಓದಿ ಅಲ್ಲಿಗೇ ಬಿಡ್ತಾರೆ. 1684ರ ಎರಡನೇ ಭಾಗದಲ್ಲಿ ಅವನ ಹೆಂಡತಿ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿ ನಡೆಯುತ್ತಾಳೆ, ಕೂಟಕ್ಕೆ ಬೇಕಾದ್ದು ಅದು.

ಮಕ್ಕಳಿರುವ ಮನೆಗೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಸಂಪುಟಗಳನ್ನು ಕಣ್ಣುಮುಚ್ಚಿ ತಗೊಳ್ಳಿ. ರಾತ್ರಿ ಪ್ರಾರ್ಥನೆ ಆದ ಮೇಲೆ ಒಂದು ಕಥೆ, ಅಷ್ಟು ಸಾಕು. ಅಕ್ಷರ ದಪ್ಪ ಇರುವ ಪ್ರತಿಯನ್ನೇ ಆರಿಸಿ, ನಲವತ್ತೈದು ದಾಟಿದವರೇ ನಿಮ್ಮಲ್ಲೂ ಜಾಸ್ತಿ ಇರ್ತಾರೆ. ಮತ್ತೆ ದುಡ್ಡು ಖರ್ಚು ಮಾಡುವ ಮುಂಚೆ, ನಿಮ್ಮ ಸಭೆಯ ಹಿರಿಯ ಹೆಂಗಸರ ಮನೆಗೆ ಹೋಗಿ, ದಿಂಬಿನ ಪಕ್ಕ ಯಾವ ಪುಸ್ತಕ ಇದೆ ನೋಡಿ ಬನ್ನಿ. ನಮ್ಮ ಟೀಚರಮ್ಮನ ಮನೆಗೆ ನಾನು ಹೋಗಬೇಕಿದ್ದದ್ದು ಮೊದಲು, ಹೋದದ್ದು ಕೊನೆಗೆ. ಅವರು ಈಗ ಮತ್ತೆ ರಟ್ಟು ಹಾಕಿಕೊಡ್ತಾರೆ.

ಶುರುವಿಗೆ ರೂತಳನ್ನೇ ಇಟ್ಟುಕೊಳ್ಳಿ, ವಾರಕ್ಕೊಂದು ಅಧ್ಯಾಯ, ಗಟ್ಟಿಯಾಗಿ ಓದಿ. ಮೂರನೇ ಅಧ್ಯಾಯದಲ್ಲಿ ಅತ್ತೆ ಸೊಸೆಗೆ ಸ್ನಾನ ಮಾಡು ಅಂತ ಹೇಳಿ ರಾತ್ರಿ ಕಣಕ್ಕೆ ಕಳಿಸುವ ಜಾಗ ಬಂದಾಗ ವಯಸ್ಸಿನ ಹುಡುಗಿಯರು ಪ್ರಶ್ನೆ ಕೇಳಿಯೇ ಕೇಳ್ತಾರೆ. ಅಧ್ಯಾಯ ಹಾರಿಸಬೇಡಿ, ಉತ್ತರ ಹೇಳೋಕೆ ಒಬ್ಬ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.