ಬೋಟಿನ ಬ್ಯಾಟರಿ ವರ್ಷ ತುಂಬುವ ಮೊದಲೇ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ರಾತ್ರಿ ಲಂಗರು ಹಾಕಿ ಇಂಜಿನ್ ಬಂದ್ ಮಾಡುತ್ತೇವೆ. ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್, ಲೈಟು ಎಲ್ಲವೂ ಇಂಜಿನ್ ಬ್ಯಾಟರಿಯಲ್ಲೇ ನಡೆಯುತ್ತವೆ. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ವರ್ಷದೊಳಗೆ 100 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪಿಯರ್ ಗುಣಿಸು ಗಂಟೆ) ಬ್ಯಾಟರಿ ಹಾಳಾಗುತ್ತಿದೆ. ಅಂಗಡಿಯವರು 150 ಎಎಚ್‌ನದ್ದು ಹಾಕಿ ಅನ್ನುತ್ತಾರೆ. ಹಾಕಬಹುದೇ?
– ಮಲ್ಪೆಯ ಓದುಗರು

ಉತ್ತರ: ಅದೇ ಜಾತಿಯದ್ದನ್ನು ದೊಡ್ಡದು ಹಾಕಿದರೆ ಕೆಲವು ತಿಂಗಳು ಹೆಚ್ಚು ಬಂದೀತು, ರೋಗ ಹೋಗದು. ಸ್ಟಾರ್ಟಿಂಗ್ ಬ್ಯಾಟರಿಯೊಳಗೆ ತೆಳ್ಳಗಿನ ಪ್ಲೇಟುಗಳು ತುಂಬಾ ಇರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಡುವುದಷ್ಟೇ ಅದರ ಕೆಲಸ. ರಾತ್ರಿಯಿಡೀ ಹಿಂಡಿದರೆ ಪ್ಲೇಟಿನ ಮೇಲಿನ ಪುಡಿ ಉದುರಿ ತಳ ಸೇರುತ್ತದೆ. ಇಂಜಿನ್ನಿಗೆ ಈಗಿನದ್ದೇ ಇರಲಿ, ಉಳಿದದ್ದಕ್ಕೆ ದಪ್ಪ ಪ್ಲೇಟಿನ, ಗಂಟೆಗಟ್ಟಲೆ ಎಳೆದರೂ ತಾಳುವ ಡೀಪ್ ಸೈಕಲ್ ಬ್ಯಾಟರಿ ಬೇರೆಯೇ ಇಡಿ.

ಎಷ್ಟು ದೊಡ್ಡದು ಬೇಕು? ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ 1.5 ಆಂಪಿಯರ್, ವೈರ್‌ಲೆಸ್ ಸುಮ್ಮನೆ ಕೇಳುತ್ತಿದ್ದರೆ 0.5, ಲಂಗರು ದೀಪ ಮತ್ತು ಕ್ಯಾಬಿನ್ ಎಲ್‌ಇಡಿ 1.5 ಎಂದಿಟ್ಟುಕೊಳ್ಳಿ. (ಬೆಳಕು ಹಾಕಿ ಮೀನು ಹಿಡಿಯುವುದು ನಿಷೇಧ, ಆ ಲೈಟಿನ ಲೆಕ್ಕ ನಾವು ಹಾಕುವುದಿಲ್ಲ.) 3.5 ಆಂಪಿಯರ್ 10 ಗಂಟೆಗೆ 35 ಎಎಚ್ ಆಯಿತು. ವೈರ್‌ಲೆಸ್ಸಿನಲ್ಲಿ ಮಾತಾಡುವಾಗ 5–6 ಆಂಪಿಯರ್ ಎಳೆಯುತ್ತದೆ. ಅದಕ್ಕೂ ನೀರು ಹೊರಹಾಕುವ ಪಂಪಿಗೂ ಸೇರಿ 10 ಎಎಚ್ ಕೂಡಿಸಿದರೆ 45. ಲೆಡ್ ಆಸಿಡ್ ಬ್ಯಾಟರಿಯ ಅರ್ಧದಷ್ಟನ್ನೇ ಬಳಸಬೇಕು, ಹಾಗಾಗಿ 90. ಹಳತಾಗುವುದಕ್ಕೆ ಸ್ವಲ್ಪ ಬಿಟ್ಟು 120 ಎಎಚ್ ಕೊಳ್ಳಿ. ಲೇಬಲ್ಲಿನಲ್ಲಿ ಸಿ10 (10 ಗಂಟೆಯ ಲೆಕ್ಕ) ಇದೆಯೋ ಸಿ20 (20 ಗಂಟೆಯ ಲೆಕ್ಕ) ಇದೆಯೋ ನೋಡಿ. ಸಿ20ಯಲ್ಲಿ 120 ಎಂದರೆ 6 ಆಂಪಿಯರಿನಂತೆ 20 ಗಂಟೆ. ಬೇಗ ಬೇಗ ಎಳೆದರೆ ಅಷ್ಟು ಸಿಗದು.

ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಈ ಕೆಲಸಕ್ಕೆ ಗಟ್ಟಿ. ಆದರೆ ಎತ್ತರ ಜಾಸ್ತಿ, ಬೋಟು ಹೊಯ್ದಾಡುವಾಗ ಆಸಿಡ್ ಚೆಲ್ಲುತ್ತದೆ. ಕ್ಯಾಬಿನ್ನಿನಲ್ಲಿ ತಗ್ಗಿನ ಜಾಗದಲ್ಲಿ ಪ್ಲಾಸ್ಟಿಕ್ ಟ್ರೇಯೊಳಗಿಟ್ಟು ಪಟ್ಟಿಯಿಂದ ಬಿಗಿಯಿರಿ. ತಳದಲ್ಲಿ ನಿಲ್ಲುವ ನೀರು ಮಾತ್ರ ಅದಕ್ಕೆ ಎಟುಕಬಾರದು: ಉಪ್ಪುನೀರು ಸೆಲ್ಲಿನೊಳಗೆ ಹೋದರೆ ಕ್ಲೋರಿನ್ ಅನಿಲ ಏಳುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿಯಾಡಬೇಕು. ಇಂಜಿನ್ ಪಕ್ಕ ಬೇಡ, ಬಿಸಿಯೇ ಆಯುಷ್ಯ ತಿನ್ನುತ್ತದೆ. ಸಣ್ಣ ನಾಡದೋಣಿಗಾದರೆ ಸೀಲ್ ಮಾಡಿದ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಟ್ಟುಕೊಳ್ಳುವ ಬ್ಯಾಟರಿ) ವಾಸಿ.

ಹೆಚ್ಚಿನವರು ಎಡವುವುದು ಚಾರ್ಜಿಂಗಿನಲ್ಲಿ. ಇಂಜಿನ್ ಎರಡು ಗಂಟೆ ಓಡಿದರೆ ಬ್ಯಾಟರಿ ಬಹುಪಾಲು ತುಂಬಿದಂತೆ ಕಾಣುತ್ತದೆ, ಕೊನೆಯ ಕಾಲುಭಾಗಕ್ಕೆ ಇನ್ನೂ ನಾಲ್ಕೈದು ಗಂಟೆ ಬೇಕು. ಅರೆಬರೆ ತುಂಬಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಅದು ಕರಗದು. ಕ್ಯಾಬಿನ್ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನೆಲ್ಲೊಂದು ಕಂಟ್ರೋಲರ್ ಸಮೇತ ಇದ್ದರೆ ಈ ಬಾಕಿ ತೀರುತ್ತದೆ. ಎರಡು ಬ್ಯಾಟರಿಗಳ ನಡುವೆ ವೋಲ್ಟೇಜ್ ನೋಡಿ ತಾನೇ ಸೇರುವ, ತಾನೇ ಬಿಡುವ ರಿಲೇ ಹಾಕಿಸಿ. ಹಳೆಯ ಡಯೋಡ್ ಐಸೊಲೇಟರ್ ಬೇಡ, ಅದು ಅರ್ಧ ವೋಲ್ಟಿಗೂ ಹೆಚ್ಚು ನುಂಗುತ್ತದೆ. ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು.

ಪ್ರಶ್ನೆ: ಬ್ಯಾಟರಿಗೆ ಬಾವಿ ನೀರು ಹಾಕಬಹುದೇ? ಎಸಿಯಿಂದ ತೊಟ್ಟಿಕ್ಕುವ ನೀರು?
– ಕೋಡಿಬೇಂಗ್ರೆಯ ಓದುಗರು

ಉತ್ತರ: ಎರಡೂ ಬೇಡ. ಬಾವಿ ನೀರಿನಲ್ಲಿ ಕ್ಲೋರೈಡ್, ಕಬ್ಬಿಣ. ಎಸಿ ನೀರಿನಲ್ಲಿ ಧೂಳು, ಲೋಹ. ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಪೂರ್ತಿ ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಪ್ಲೇಟು ನೀರಿನಿಂದ ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ ಸೇರಿಸುವುದಂತೂ ಬೇಡವೇ ಬೇಡ. ಎಲ್ಲ ಸೆಲ್ಲುಗಳೂ ಬೇಗ ನೀರು ಕುಡಿಯುತ್ತಿದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜ್ ಅಳೆಯಿರಿ, 14.8 ದಾಟಿದ್ದರೆ ರೆಗ್ಯುಲೇಟರ್ ಕೆಟ್ಟಿರಬಹುದು. ಒಂದೇ ಸೆಲ್ ಕುಡಿಯುತ್ತಿದ್ದರೆ ಆ ಸೆಲ್ಲಿನ ಕಥೆ ಮುಗಿಯುತ್ತಾ ಬಂತು.

ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ. ಬ್ಯಾಟರಿ ಬೋಟಿನಲ್ಲೇ ಇರಲಿಯೇ?
– ಗಂಗೊಳ್ಳಿಯ ಓದುಗರು

ಉತ್ತರ: ಬಿಚ್ಚಿ ಮನೆಗೆ ತನ್ನಿ. ಮೊದಲು ನೆಗೆಟಿವ್ ಬಿಚ್ಚಿ. ಮತ್ತೆ ಕೂರಿಸುವಾಗ ಅದು ಕೊನೆಗೆ. ಸೆಲ್ಲಿನ ಮುಚ್ಚಳ ಬಿಗಿಯಿದೆಯೇ ನೋಡಿಕೊಂಡು, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಮೇಲ್ಭಾಗ, ಟರ್ಮಿನಲ್ ಉಜ್ಜಿ. ನೊರೆ ನಿಂತ ಮೇಲೆ ಒರೆಸಿ, ಒಣಗಿಸಿ, ವ್ಯಾಸಲಿನ್ ಸವರಿ. ಮೇಲೆ ಕೂತ ಉಪ್ಪಿನ ಪಸೆಯೇ ಕರೆಂಟು ಹರಿಸುತ್ತದೆ. ಪೂರ್ತಿ ಚಾರ್ಜ್ ಮಾಡಿಡಿ, ತಿಂಗಳಿಗೊಮ್ಮೆ ಅಳೆಯಿರಿ: ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. 12.5ಕ್ಕೆ ಇಳಿಯುವ ಹೊತ್ತಿಗೇ ಮತ್ತೆ ಚಾರ್ಜಿಗೆ ಹಾಕಿ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಸಲ್ಲದು.

ಪ್ರಶ್ನೆ: ಲಿಥಿಯಂ ಹಾಕಿದರೆ ಹೇಗೆ?
– ಮಂಗಳೂರು ಬೆಂಗರೆಯ ಓದುಗರು

ಉತ್ತರ: ಕಬ್ಬಿಣ-ಫಾಸ್ಫೇಟ್ ಜಾತಿಯದ್ದಾದರೆ ಒಳ್ಳೆಯದೇ. 100 ಎಎಚ್‌ನಲ್ಲಿ 80 ಧೈರ್ಯವಾಗಿ ಬಳಸಬಹುದು, ತೂಕ ಲೆಡ್‌ನ ಅರ್ಧಕ್ಕಿಂತ ಕಡಿಮೆ. ಆದರೆ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ: ತುಂಬುವವರೆಗೂ ಪೂರ್ತಿ ಕರೆಂಟ್ ಎಳೆದು ಅದನ್ನು ಸುಡಬಲ್ಲದು. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ–ಡಿಸಿ ಚಾರ್ಜರ್ ಬೇಕು, ಬಜೆಟ್ಟಿನಲ್ಲಿ ಅದನ್ನೂ ಸೇರಿಸಿಕೊಳ್ಳಿ. ಲೆಡ್ ಬ್ಯಾಟರಿಗೆ ಸಮಾನಾಂತರವಾಗಿ ಜೋಡಿಸುವುದೂ ಬೇಡ. ರಜೆಯಲ್ಲಿ ಇದನ್ನು ಲೆಡ್ ಥರ ತುಂಬಿಸಿ ಇಡದೆ ಅರ್ಧ ಚಾರ್ಜಿನಲ್ಲಿಡಿ.