ಮತಕ್ಕೆ ನಾಣ್ಯ, ಕಥೆಗೆ ಚಿಲ್ಲರೆ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಸ್ಟೀಮಿಟ್, ಹೈವ್‌ನಂಥ ತಾಣಗಳು ಬರೆದವರಿಗೆ ಕ್ರಿಪ್ಟೋ ನಾಣ್ಯ ಕೊಡುತ್ತವೆ. ಅವುಗಳ ಪೈಪೋಟಿ ಹೆಚ್ಚಿದಷ್ಟೂ ಲೇಖಕರಿಗೆ ಲಾಭ. ಕಳೆದ ಸಂಚಿಕೆಯ 43ನೇ ಪುಟದ ಕಥೆಗೆ ನೀವು ಕೊಟ್ಟ ಸಂಭಾವನೆ ಬಸ್ ಚಾರ್ಜಿಗಾದರೂ ಸಾಲುತ್ತದೆಯೇ?’

ಸಂಪಾದಕರು: ಬರೆದವರ ಕೈಗೆ ದುಡ್ಡು ಸೇರಬೇಕೆಂಬ ನಿಮ್ಮ ಕಳಕಳಿ ದೊಡ್ಡದು. ಜನರ ಬರಹದ ಪಕ್ಕ ಜಾಹೀರಾತು ಮಾರಿಕೊಂಡು, ಬರೆದವರಿಗೆ ಬರೀ ಲೈಕು ಹಂಚುವ ಕಂಪನಿಗಳಿಗಿಂತ ಈ ತಾಣಗಳ ಉದ್ದೇಶ ಮೇಲು. ಅಷ್ಟು ಒಪ್ಪಿದೆ.

ಆದರೆ ಆ ದುಡ್ಡು ಯಾರದೆಂದು ವಿಚಾರಿಸಿದಿರಾ? ನೆಡ್ ಸ್ಕಾಟ್ ಮತ್ತು ಡಾನ್ ಲಾರಿಮರ್ 2016ರಲ್ಲಿ ಸ್ಟೀಮಿಟ್ ಕಟ್ಟಿದಾಗ ಮಾಡಿದ ಏರ್ಪಾಡು ಹೀಗಿತ್ತು: ಜಾಲ ಹೊಸ ನಾಣ್ಯ ಹುಟ್ಟಿಸುತ್ತಲೇ ಇರುತ್ತದೆ, ಬಿದ್ದ ಮತ ನೋಡಿ ಅದನ್ನು ಹಂಚುತ್ತದೆ. ತಲೆಗೊಂದು ಮತವಲ್ಲ, ಖಾತೆಯಲ್ಲಿ ಬೀಗ ಹಾಕಿಟ್ಟ ನಾಣ್ಯ ಎಷ್ಟೋ ಮತದ ತೂಕ ಅಷ್ಟು. ದೊಡ್ಡ ಗಂಟಿನವರನ್ನು ಅಲ್ಲಿ ‘ತಿಮಿಂಗಿಲ’ ಎಂದೇ ಕರೆಯುತ್ತಾರೆ. ಒಂದು ತಿಮಿಂಗಿಲ ಮನಸ್ಸು ಮಾಡಿದರೆ ನಾಲ್ಕು ಸಾಲಿನ ಶುಭೋದಯಕ್ಕೂ ಹಣ; ಕಾಸಿಲ್ಲದ ನೂರು ಓದುಗರು ಮೆಚ್ಚಿದ ಕಥೆಗೆ ಚಿಲ್ಲರೆ. ಆಮೇಲೆ ಮತವನ್ನೇ ಮಾರುವ ಬಾಟ್‌ಗಳು, ಅಂದರೆ ತಾವಾಗಿಯೇ ಮತ ಹಾಕುವ ತಂತ್ರಾಂಶಗಳು, ಬಂದವು. ಲೇಖಕರೇ ದುಡ್ಡು ಕಟ್ಟಿ ಮೆಚ್ಚುಗೆ ಕೊಂಡುಕೊಂಡರು. ಸ್ವಂತ ಖರ್ಚಿನಲ್ಲಿ ಸನ್ಮಾನ ಮಾಡಿಸಿಕೊಳ್ಳುವ ನಮ್ಮವರಿಗೆ ಇದೇನೂ ಹೊಸತಲ್ಲ ಬಿಡಿ.

ಇನ್ನು ಪೈಪೋಟಿ. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಕ್ರಿಪ್ಟೋ ಜಾಲದ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಅದರ ಜೊತೆ ಬಂದ ನಾಣ್ಯರಾಶಿಯಿಂದ ಅವರು ಮತ ಹಾಕದಂತೆ ಜಾಲದ ನಿರ್ವಾಹಕರು ತಡೆದರು; ಈ ನಿರ್ವಾಹಕರೂ ಅದೇ ನಾಣ್ಯತೂಕದ ಮತದಿಂದ ಆಯ್ಕೆಯಾದವರು. ಮಾರ್ಚ್ ಆರಂಭದಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ನಾಣ್ಯವನ್ನೇ ಮತಕ್ಕೆ ಬಳಸಿ ಆ ನಿರ್ವಾಹಕರನ್ನು ಇಳಿಸಲಾಯಿತು. ಮಾರ್ಚ್ 20ಕ್ಕೆ ಸಿಟ್ಟಿಗೆದ್ದವರು ಹೈವ್ ಎಂದು ಬೇರೆಯಾದರು. ನೀವು ಪೈಪೋಟಿ ಎನ್ನುತ್ತಿರುವುದು ಈ ದಾಯಾದಿ ಜಗಳವನ್ನು! ಅತ್ತ ಚರ್ಚಾತಾಣ ರೆಡಿಟ್ 2020ರಲ್ಲಿ ತನ್ನದೇ ಕ್ರಿಪ್ಟೋ ಟೋಕನ್ ಹಂಚತೊಡಗಿ 2023ರಲ್ಲಿ ಕೈತೊಳೆದುಕೊಂಡಿತು. ನಮ್ಮ ದೇಶದಲ್ಲಂತೂ ಇಂಥ ನಾಣ್ಯ ಮಾರಿ ಬಂದ ಲಾಭಕ್ಕೆ 2022ರಿಂದ ಶೇ 30 ತೆರಿಗೆ.

ನಮ್ಮ ಸಂಭಾವನೆ ಸಣ್ಣದು. ಆದರೆ ಕಥೆಯನ್ನು ಒಬ್ಬರು ಕೂತು ಓದಿ, ಒತ್ತಕ್ಷರ ತಿದ್ದಿ, ಕೊನೆಯ ಪ್ಯಾರಾ ಬೇಕೇ ಎಂದು ಲೇಖಕರೊಡನೆ ಜಗಳವಾಡಿ, ಆಮೇಲೆ ಕೊಡುವ ದುಡ್ಡು ಅದು. ಬರುವುದು ಚಂದಾದಾರರ ಜೇಬಿನಿಂದ. ಅಂದಹಾಗೆ, ಆ ಕಥೆ ಮುದ್ರಿತ ಸಂಚಿಕೆಯಲ್ಲಿರುವುದು 41ನೇ ಪುಟದಲ್ಲಿ. ರಕ್ಷಾಪುಟವನ್ನೂ ಸೇರಿಸಿ ಎಣಿಸುವುದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಪಿಡಿಎಫ್ ಮಾತ್ರ. ಅಂಚೆಯವರು ಸಂಚಿಕೆ ಮುಟ್ಟಿಸುವ ಮೊದಲೇ ಅದು ಊರೂರು ಸುತ್ತಿರುತ್ತದೆ, ‘ಕನ್ನಡ ಸೇವೆ’ ಎಂಬ ಒಕ್ಕಣೆಯೊಡನೆ. ಮೂರು ಮೂರು ಓಟಿಟಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಮನೆಗಳಲ್ಲೇ, ವರ್ಷದ ಚಂದಾ ಎಂದಾಕ್ಷಣ ‘ಇನ್ನೂ ಪ್ರಿಂಟ್ ಹಾಕುತ್ತೀರಾ?’ ಎಂಬ ಕನಿಕರ.