ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗುವ ತಮ್ಮ

ಪ್ರಶ್ನೆ: ನನ್ನ ದೊಡ್ಡಮ್ಮನ ಕಿರಿಯ ಮಗನಿಗೆ 36 ವರ್ಷ, ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ. ಎರಡು ವರ್ಷಗಳ ಹಿಂದೆ ದೊಡ್ಡಮ್ಮ ತೀರಿಕೊಂಡ ಮೇಲೆ ಅವನ ಅಣ್ಣ, ಅತ್ತಿಗೆ ನೋಡಿಕೊಳ್ಳುತ್ತಿದ್ದಾರೆ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅವನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ, ತೀರಾ ಇಳಿದುಹೋಗಿದ್ದ, ಕಣಕಾಲಿನಲ್ಲಿ ಹಗ್ಗದ ಗುರುತಿತ್ತು. ‘ಬಿಟ್ಟರೆ ರಸ್ತೆಗೆ ಓಡುತ್ತಾನೆ’ ಎಂದರು ಅತ್ತಿಗೆ. ಅವನ ಮಾಸಾಶನ, ಅವನ ಪಾಲಿನ ಅಡಿಕೆ ತೋಟದ ಹಣ ಎರಡೂ ಅಣ್ಣನ ಕೈಯಲ್ಲಿವೆ. ‘ಅದು ಅವರ ಮನೆ ವಿಷಯ, ತವರಿನ ದಾರಿ ಮುಚ್ಚಿಕೊಳ್ಳಬೇಡ’ ಎನ್ನುತ್ತಾರೆ ನಮ್ಮ ಯಜಮಾನರು. ನಾನೇನು ಮಾಡಲಿ?

ಉತ್ತರ: ಆ ಹಗ್ಗದ ಗುರುತು ಒಂದು ದಿನ ಕಟ್ಟಿದ್ದರಿಂದ ಆದದ್ದಿರಲಾರದು ಎಂಬ ಅನುಮಾನ ನಿಮಗೂ ಇದೆ, ಅದಕ್ಕೇ ಬರೆದಿದ್ದೀರಿ. ನಿಮ್ಮ ಅತ್ತಿಗೆ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಬೆಳೆದ ಗಂಡಸೊಬ್ಬನ ಊಟ, ಸ್ನಾನ, ಬಟ್ಟೆ ಎಲ್ಲವನ್ನೂ ದಿನವೂ ಒಬ್ಬರೇ ನೋಡಿಕೊಳ್ಳುವ ದಣಿವು ದೂರದಲ್ಲಿರುವ ನಮಗೆ ಪೂರ್ತಿ ಅರ್ಥವಾಗುವುದು ಕಷ್ಟ. ಆದರೆ ಅವನದೇ ಮಾಸಾಶನ, ಅವನದೇ ತೋಟದ ಹಣ ಇರುವಾಗ ಹಗಲು ಹೊತ್ತಿಗೆ ಒಬ್ಬ ಆಳನ್ನು ಗೊತ್ತುಮಾಡಿಕೊಳ್ಳುವ ಬದಲು ಹಗ್ಗವನ್ನು ಆರಿಸಿಕೊಂಡದ್ದನ್ನು ದಣಿವಿನ ಹೆಸರಿನಲ್ಲಿ ಒಪ್ಪಲಾಗದು.

‘ಅವರ ಮನೆ ವಿಷಯ’ ಎಂಬ ಮಾತನ್ನು ಕಾನೂನು ಒಪ್ಪುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 7ನೇ ಕಲಮಿನಂತೆ, ಇಂಥ ವ್ಯಕ್ತಿಯ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಎಂದರೆ ಅವನಿರುವ ತಾಲ್ಲೂಕಿನ ತಹಶೀಲ್ದಾರರಿಗೆ, ತಿಳಿಸಬಹುದು. ತಿಳಿಸುವವರು ಸ್ವಂತ ಅಕ್ಕನೇ ಆಗಿರಬೇಕೆಂದಿಲ್ಲ. ತನ್ನ ಸುಪರ್ದಿಯಲ್ಲಿರುವ ಅಂಗವಿಕಲ ವ್ಯಕ್ತಿಗೆ ಗೊತ್ತಿದ್ದೂ ಅನ್ನ, ನೀರು ಕೊಡದಿರುವುದಕ್ಕೆ ಅದೇ ಕಾಯ್ದೆಯ 92ನೇ ಕಲಮಿನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ, ದಂಡ ಎರಡೂ ಇವೆ.

ಅರ್ಜಿಗೂ ಮೊದಲು ಅವನನ್ನು ಕಾಣಿರಿ. ದೀಪಾವಳಿಯವರೆಗೆ ಕಾಯದೆ ಈ ವಾರವೇ ಹೋಗಿ, ಅಣ್ಣ ಅತ್ತಿಗೆ ಎದುರಿಗಿಲ್ಲದ ಹೊತ್ತಿನಲ್ಲಿ ಅವನ ಪಕ್ಕ ಕುಳಿತು, ಏನು ಉಂಡೆ, ರಾತ್ರಿ ಎಲ್ಲಿ ಮಲಗಿದ್ದೆ, ಕಾಲಿಗೆ ಏನಾಯಿತು ಎಂದು ಒಂದೊಂದಾಗಿ ಕೇಳಿ. ಮಾತು ಸಾಲದಿದ್ದರೆ ಅವನು ಕೈ ತೋರಿಸಿಯಾದರೂ ಹೇಳುತ್ತಾನೆ. ಯಾರ ಹೆಜ್ಜೆ ಸಪ್ಪಳಕ್ಕೆ ಮುದುಡುತ್ತಾನೆ ಎಂಬುದನ್ನು ಗಮನಿಸಿ. ಆಮೇಲೆ ‘ತುಂಬ ಇಳಿದುಹೋಗಿದ್ದಾನೆ, ಒಮ್ಮೆ ತೋರಿಸಿಕೊಂಡು ಬರೋಣ’ ಎಂದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಜಗಳವಿಲ್ಲದೆ ಆಗುವ ಕೆಲಸವಿದು, ಅವನ ತೂಕವೂ ಕಾಲಿನ ಗುರುತೂ ವೈದ್ಯರ ಚೀಟಿಯಲ್ಲಿ ದಾಖಲಾಗುತ್ತವೆ. ನೀವು ಹೋದಾಗ ಅವನು ಕಟ್ಟಿದ ಸ್ಥಿತಿಯಲ್ಲೇ ಸಿಕ್ಕರೆ ಈ ಯಾವುದಕ್ಕೂ ಕಾಯದೆ 112ಕ್ಕೆ ಕರೆ ಮಾಡಿ.

ಹಣದ ವಿಷಯದಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 18 ತುಂಬಿದವನಿಗೆ ಅಣ್ಣನೆಂಬ ಕಾರಣಕ್ಕೇ ಯಾರೂ ಕಾನೂನುಬದ್ಧ ಪಾಲಕರಾಗುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ, ನೇಮಕಗೊಂಡವರು ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಅಣ್ಣನ ಬಳಿ ಅಂಥ ಆದೇಶವಿದೆಯೇ ಎಂದು ಕೇಳಿ. ಇದ್ದರೆ, ನಿರ್ಲಕ್ಷ್ಯದ ಕಾರಣ ಕೊಟ್ಟು ಅವರನ್ನು ಬದಲಿಸುವಂತೆ ಬಂಧುವಾಗಿ ನೀವೇ ಆ ಸಮಿತಿಗೆ ಬರೆಯಬಹುದು.

ತವರಿನ ದಾರಿ ಕೆಲಕಾಲ ಮುಚ್ಚಬಹುದು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಿಮ್ಮ ಯಜಮಾನರೊಡನೆ ಕುಳಿತು ಮಾತಾಡಿಕೊಳ್ಳಬೇಕು: ಅವನನ್ನು ಅಲ್ಲಿಂದ ಬಿಡಿಸಿದರೆ, ಬೇರೆ ಏರ್ಪಾಟಾಗುವವರೆಗೆ ಒಂದೆರಡು ತಿಂಗಳು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುವಿರಾ? ಅವರು ಒಪ್ಪಿದರೆ, ಬರುತ್ತೀಯಾ ಎಂದು ಅವನನ್ನೂ ಕೇಳಿ.